ಸರ್ವೇಯರನ ಕಣ್ಣು, ಕೋವಿಯ ಮೇಲೆ

ಠಾಣೆ ಜಿಲ್ಲೆಯ ಯಾವುದೇ ಜಮೀನಿನ ‘ಸಾತ್‌ಬಾರಾ’ ತೆಗೆದು ನೋಡಿ, ಇಲ್ಲವೇ ಧಾರವಾಡ, ಬೆಳಗಾವಿ ಕಡೆಯ ಒಂದು ಪಹಣಿ ತೆಗೆದು ನೋಡಿ. ಮೊದಲು ಕಣ್ಣಿಗೆ ಬೀಳುವುದು ಸರ್ವೇ ನಂಬರ್. ಕಲ್ಯಾಣದ ಹೊರವಲಯದಲ್ಲಿ ಭತ್ತದ ಗದ್ದೆ ಹೋಗಿ ಇಪ್ಪತ್ತು ಮಾಳಿಗೆಯ ಕಟ್ಟಡ ಎದ್ದಿದ್ದರೂ ಬಿಲ್ಡರ್ ಕೊಡುವ ಕಾಗದದಲ್ಲಿ ಆ ನಂಬರ್ ಹಾಗೇ ಕೂತಿರುತ್ತದೆ. ಹಳೆಯ ಮುಂಬಯಿ ಪ್ರಾಂತದಲ್ಲಿ ಹೊಲಕ್ಕೊಂದು ನಂಬರ್ ಕೊಟ್ಟು, ಅಳೆದು, ಮೂವತ್ತು ವರ್ಷಕ್ಕೆ ಕಂದಾಯ ಗೊತ್ತು ಮಾಡುವ ಪದ್ಧತಿಗೆ ನಿಯಮ ಬರೆದಿಟ್ಟದ್ದು 1847ರ ‘ಜಾಯಿಂಟ್ ರಿಪೋರ್ಟ್’. ಅದರ ಕರ್ತೃಗಳು ಮೂವರು: ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್. ಮೊದಲ ಇಬ್ಬರ ಹೆಸರು ಕಂದಾಯದ ಇತಿಹಾಸ ಓದಿದವರಿಗೆ ಗೊತ್ತಿರುತ್ತದೆ. ವಿಂಗೇಟ್ ಅಂತೂ ಧಾರವಾಡ ಸೀಮೆಯ ಸರ್ವೇ ನಡೆಸಿದವನೇ. ಮೂರನೆಯವನು ಬಾಂಬೆ ಸೈನ್ಯದ ಅಧಿಕಾರಿ ಡೇವಿಡ್ ಡೇವಿಡ್‌ಸನ್. ಅವನ ಹೆಸರು ಉಳಿದದ್ದು ಬೇರೆಯೇ ಒಂದು ಇತಿಹಾಸದಲ್ಲಿ. ಸ್ವದೇಶ ಸ್ಕಾಟ್ಲೆಂಡಿಗೆ ಮರಳಿದ ಮೇಲೆ ಅವನು ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನೊಂದನ್ನು ಬಳಕೆಗೆ ತಂದ. ಇವತ್ತಿಗೂ ಹಳೆಯ ಬಂದೂಕುಗಳನ್ನು ಸಂಗ್ರಹಿಸುವವರು ಅದನ್ನು ‘ಡೇವಿಡ್‌ಸನ್ ಸೈಟ್’ ಎಂದೇ ಕರೆಯುತ್ತಾರೆ.

ಹೊಲ ಅಳೆಯುವ ಕೆಲಸದಲ್ಲಿದ್ದವನು ಬಂದೂಕಿನ ದುರ್ಬೀನಿಗೆ ಕೈ ಹಾಕಿದ್ದು ನನಗೆ ಆಕಸ್ಮಿಕ ಎಂದು ಅನ್ನಿಸುವುದಿಲ್ಲ. ಈಗ ‘ಸ್ಕೋಪ್’ ಎಂದು ಕರೆಯುವ ಈ ವಸ್ತುವಿನ ವಂಶಾವಳಿ ಹುಡುಕುತ್ತ ಹೋದರೆ ಎದುರಾಗುವವರಲ್ಲಿ ಬೇಟೆಗಾರರಿಗಿಂತ ಹೆಚ್ಚಾಗಿ ಖಗೋಳಜ್ಞರು, ಎಂಜಿನಿಯರುಗಳು, ಸರ್ವೇ ಉಪಕರಣ ಮಾಡುವವರೇ ಇದ್ದಾರೆ. ಸ್ಕೋಪ್ ಕೊಳ್ಳಲು ಹೋದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಎಕ್ಸ್?’ ಎಂದು, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. ಇನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ಆ ಪ್ರಶ್ನೆಯನ್ನು ನಾಲ್ಕನೆಯದೋ ಐದನೆಯದೋ ಆಗಿ ಕೇಳಿದರೆ ಸಾಕು. ದೂರದ ಗುರಿಗೆ ಸ್ಕೋಪ್ ಬೇಕಾಗಿದ್ದು ಮೊದಲು ಅಳೆಯುವುದಕ್ಕೆ. ಕಾಣಿಸುವುದು ಅದರ ಜೊತೆಗೆ ಬಂದ ಲಾಭ.

ಅಳತೆಯ ಕಥೆ ಶುರುವಾಗುವುದು ಒಂದು ಜೇಡದಿಂದ. 1611ರಲ್ಲಿ ಕೆಪ್ಲರ್ ಎರಡು ಉಬ್ಬು ಮಸೂರಗಳ ದೂರದರ್ಶಕದ ತತ್ತ್ವವನ್ನು ಬರೆದಿಟ್ಟ. ಗೆಲಿಲಿಯೊ ಬಳಸಿದ ಕೊಳವೆಗಿಂತ ಇದು ಬೇರೆ: ಇದರಲ್ಲಿ ದೂರದ ವಸ್ತುವಿನ ಬಿಂಬ ಕೊಳವೆಯ ಒಳಗೇ ಒಂದು ಜಾಗದಲ್ಲಿ ಮೂಡುತ್ತದೆ. ಆ ಜಾಗದಲ್ಲಿ ಏನನ್ನಾದರೂ ಇಟ್ಟರೆ ಅದೂ ಬಿಂಬದಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ಕಂಡುಕೊಂಡವನು ಇಂಗ್ಲೆಂಡಿನ ಯಾರ್ಕ್‌ಶೈರಿನ ವಿಲಿಯಂ ಗ್ಯಾಸ್ಕಾಯ್ನ್. 1640ರ ಆಸುಪಾಸಿನಲ್ಲಿ ಅವನ ತೆರೆದ ಕೊಳವೆಯೊಳಗೆ ಜೇಡವೊಂದು ನೂಲು ಎಳೆದಿತ್ತು. ಕಣ್ಣಿಟ್ಟು ನೋಡಿದರೆ ಆ ನೂಲೂ ದೂರದ ವಸ್ತುವೂ ಒಟ್ಟಿಗೇ ಕಂಡವು. ಅವನು ಅದನ್ನೇ ಉಪಕರಣ ಮಾಡಿಕೊಂಡ. ಸ್ಕ್ರೂ ತಿರುಗಿಸಿದರೆ ಸರಿಯುವ ಎರಡು ಅಂಚುಗಳನ್ನು ಕೂರಿಸಿ, ಚಂದ್ರನ ಅಗಲ ಎಷ್ಟು ಎಂದು ಅಳೆದ. ಇವತ್ತಿನ ಸ್ಕೋಪಿನ ಎರಡು ಮುಖ್ಯ ಅಂಗಗಳು, ಕಣ್ಣಿಗೆ ಕಾಣುವ ಅಡ್ಡಗೆರೆಯೂ ಕೈಯಲ್ಲಿ ತಿರುಗಿಸುವ ತಿರುಗಣೆಯೂ, ಆಗಲೇ ಅವನ ಮೇಜಿನ ಮೇಲಿದ್ದವು. ಗ್ಯಾಸ್ಕಾಯ್ನ್ 1644ರಲ್ಲಿ ಮಾರ್ಸ್ಟನ್ ಮೂರ್ ಯುದ್ಧದಲ್ಲಿ ಸತ್ತ, ಮೂವತ್ತೆರಡೋ ಏನೋ ವಯಸ್ಸು. ಅವನ ಜೇಡದ ನೂಲು ಮಾತ್ರ ಮೂರು ಶತಮಾನ ಬಾಳಿತು. ಎರಡನೇ ಮಹಾಯುದ್ಧದ ಕಾಲದಲ್ಲೂ ಅಮೆರಿಕದಲ್ಲಿ ಉಪಕರಣಗಳಿಗೆಂದು ಜೇಡ ಸಾಕಿ ನೂಲು ತೆಗೆಯುವವರಿದ್ದರು.

ಈ ಕೂದಲೆಳೆ ನಮ್ಮ ನೆಲಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಲ್ಯಾಂಬ್ಟನ್ ಜೊತೆ. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಮರುವರ್ಷವೇ ಬೆಂಗಳೂರಿನ ಬಳಿ ಅಳತೆಯ ಮೊದಲ ಗೆರೆ ಹಾಕಿದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿಯ ಗೆರೆಯಿಂದ ಮಹಾ ತ್ರಿಕೋನಮಿತಿ ಸರ್ವೇ ಶುರುವಾಯಿತು. ಲಂಡನ್ನಿನ ಕ್ಯಾರಿ ಮಾಡಿಕೊಟ್ಟ ಅವನ ಥಿಯೊಡೊಲೈಟ್ ಸುಮಾರು ಅರ್ಧ ಟನ್ ಭಾರ. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಅದನ್ನು ಹಗ್ಗದಲ್ಲಿ ಏರಿಸುವಾಗ ಹಗ್ಗ ಹರಿದು, ಉಪಕರಣ ಗೋಡೆಗೆ ಬಡಿದು, ಅದರ ಅಳತೆಯ ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಬಾಗಿಲು ಹಾಕಿಕೊಂಡು ವಾರಗಟ್ಟಲೆ ಕೂತು ಅದನ್ನು ಮತ್ತೆ ದುಂಡಗೆ ಮಾಡಿದ. ಒಂದೇ ಒಂದು ಪೆಟ್ಟಿಗೆ ಇಷ್ಟು ಪಾಡು! ರೈಫಲ್ಲಿನ ಮೇಲೆ ಕೂತ ದುರ್ಬೀನಿಗೆ ಅಂಥ ಪೆಟ್ಟು ಪ್ರತಿ ಗುಂಡಿಗೂ ಬೀಳುತ್ತದೆ. ಹತ್ತೊಂಬತ್ತನೇ ಶತಮಾನದ ಕುಶಲಕರ್ಮಿಗಳ ಮುಂದಿದ್ದ ಸಮಸ್ಯೆ ಇದು: ಸರ್ವೇಯರನ ಉಪಕರಣವನ್ನು ಸುತ್ತಿಗೆಯ ಮೇಲೆ ಕಟ್ಟಿ, ಸಾವಿರ ಸಲ ಬಡಿದರೂ ಅಳತೆ ಕೆಡದಂತೆ ಇಡುವುದು ಹೇಗೆ?

ಅಮೆರಿಕದಲ್ಲಿ ಇದಕ್ಕೆ ಕೈ ಹಾಕಿದವನು ಸಿವಿಲ್ ಎಂಜಿನಿಯರ್ ಜಾನ್ ಚಾಪ್‌ಮನ್. ನ್ಯೂಯಾರ್ಕ್ ರಾಜ್ಯದ ಯೂಟಿಕಾ ಊರಿನ ಬಂದೂಕುಗಾರ ಮಾರ್ಗನ್ ಜೇಮ್ಸ್ ಕೈಯಲ್ಲಿ ಅವನು ಸ್ಕೋಪ್ ಮಾಡಿಸಿದ. ಆ ಬಗ್ಗೆ ಪುಸ್ತಕವನ್ನೂ ಬರೆದ. 1855ರಲ್ಲಿ ಅದೇ ರಾಜ್ಯದ ಸಿರಕ್ಯೂಸಿನ ವಿಲಿಯಂ ಮಾಲ್ಕಮ್ ಬಣ್ಣದ ಅಂಚು ಮೂಡದ ಮಸೂರಗಳನ್ನು ಹಾಕಿ ಇನ್ನೂ ಒಳ್ಳೆಯದನ್ನು ಮಾಡಿದ. ಆ ಕೊಳವೆಗಳು ನಳಿಗೆಯಷ್ಟೇ ಉದ್ದ, ಬೆರಳಿನಷ್ಟು ದಪ್ಪ. ಗುಂಡಿನ ಒದೆತ ತಡೆಯಲು ಮುಂದೆ ಬಂದ ಒಂದು ಉಪಾಯ ನೋಡಿ: ಕೊಳವೆಯನ್ನು ಬಿಗಿಯಾಗಿ ಕಟ್ಟುವ ಬದಲು ಹಿಡಿಗಳ ನಡುವೆ ಜಾರಲು ಬಿಟ್ಟರು. ರೈಫಲ್ ಹಿಂದಕ್ಕೆ ಒದೆಯುತ್ತದೆ, ಸ್ಕೋಪ್ ಇದ್ದಲ್ಲೇ ನಿಲ್ಲುತ್ತದೆ, ಆಮೇಲೆ ಅದನ್ನು ಎಳೆದು ಜಾಗಕ್ಕೆ ತರುವುದು.

ಇತ್ತ ಬ್ರಿಟನ್ನಿನಲ್ಲಿ ಡೇವಿಡ್‌ಸನ್ ಕೈಗೆ ಸಿಕ್ಕ ರೈಫಲ್ ಕೂಡ ಅಳತೆಗಾರನೊಬ್ಬನದೇ. ಜೋಸೆಫ್ ವಿಟ್‌ವರ್ತ್ ಎಂದರೆ ಠಾಣೆಯ ವಾಗಳೆ ಎಸ್ಟೇಟಿನಲ್ಲೋ ಡೊಂಬಿವಲಿ ಎಂಐಡಿಸಿಯಲ್ಲೋ ದುಡಿದ ಹಳೆಯ ಟರ್ನರುಗಳಿಗೆ ಬಂದೂಕು ನೆನಪಾಗುವುದಿಲ್ಲ, ಸ್ಕ್ರೂವಿನ ಹಲ್ಲು ನೆನಪಾಗುತ್ತದೆ. 55 ಡಿಗ್ರಿಯ ‘ವಿಟ್‌ವರ್ತ್ ಥ್ರೆಡ್’ 1841ರಲ್ಲಿ ಅವನು ಸೂಚಿಸಿದ್ದು. ಅವನು ಕ್ರಿಮಿಯನ್ ಯುದ್ಧದ ಹೊತ್ತಿಗೆ ರೈಫಲ್ಲಿನ ಕಡೆ ತಿರುಗಿ, ಆರು ಮೂಲೆಯ ನಳಿಗೆ, ಅದಕ್ಕೆ ಸರಿಹೊಂದುವ ಆರು ಮೂಲೆಯ ಉದ್ದ ಗುಂಡು ಮಾಡಿದ. 1860ರ ಜುಲೈ 2ರಂದು ವಿಂಬಲ್ಡನ್ನಿನಲ್ಲಿ ವಿಕ್ಟೋರಿಯಾ ರಾಣಿ, ಕಟ್ಟೆಗೆ ಬಿಗಿದಿಟ್ಟ ವಿಟ್‌ವರ್ತ್ ರೈಫಲ್ಲಿನ ದಾರ ಎಳೆದು 400 ಗಜ ದೂರದ ಗುರಿಯ ನಟ್ಟನಡುವಿನಿಂದ ಒಂದೂಕಾಲು ಅಂಗುಲದ ಅಂತರಕ್ಕೆ ಗುಂಡು ಹೊಡೆದಳು. ಕಣ್ಣಿಟ್ಟವಳು ರಾಣಿಯಲ್ಲ, ಅಳೆದು ಬಿಗಿದವನು ವಿಟ್‌ವರ್ತ್. ಈ ರೈಫಲ್ಲಿಗೆ ಡೇವಿಡ್‌ಸನ್ನನ ದುರ್ಬೀನು ಎಡಮಗ್ಗುಲಲ್ಲಿ ಕೂತಿತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಇಂಗ್ಲೆಂಡಿನಿಂದ ತರಿಸಿಕೊಂಡ ವಿಟ್‌ವರ್ತ್‌ಗಳಲ್ಲಿ ಕೆಲವಕ್ಕೆ ಇದೇ ದುರ್ಬೀನಿತ್ತು.

ಬಾಂಬೆ ರೆವೆನ್ಯೂ ಸರ್ವೇಯ ಸರಪಳಿ 33 ಅಡಿ ಉದ್ದದ್ದು, ಅದಕ್ಕೆ 16 ಆಣೆ. ಆ ಸರಪಳಿಯ ಉದ್ದಗಲದ ಚೌಕವೇ ನಮ್ಮ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಸರಪಳಿ ಒಂದು ಆಣೆ ಹೆಚ್ಚು ಕಮ್ಮಿಯಾದರೆ ರೈತನ ಕಂದಾಯ ಹೆಚ್ಚು ಕಮ್ಮಿಯಾಗುತ್ತದೆ, ಮೂವತ್ತು ವರ್ಷ. ದೂರದ ಗುರಿಯ ಲೆಕ್ಕವೂ ಇದೇ ಜಾತಿಯದು: ಕೈಯಲ್ಲಿ ಎಷ್ಟು ಚಿಕ್ಕ ತಪ್ಪೋ, ಅತ್ತ ಅಷ್ಟು ದೊಡ್ಡ ತಪ್ಪು.

ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಮುಂಬಯಿಯ ಹನ್ನೆರಡು ಡಬ್ಬಿಯ ಲೋಕಲ್ ಹೆಚ್ಚುಕಮ್ಮಿ ಕಾಲು ಕಿಲೋಮೀಟರ್ ಉದ್ದ. ಅಂಥ ನಾಲ್ಕು ಲೋಕಲ್ ಒಂದರ ಹಿಂದೊಂದು ನಿಂತರೆ 1,000 ಮೀಟರ್. ಸೈನ್ಯದಲ್ಲಿ ಸಾಮಾನ್ಯವಾದ 7.62 ಮಿ.ಮೀ. ಗುಂಡು ಅಷ್ಟು ದೂರ ಹೋಗುವಷ್ಟರಲ್ಲಿ, 100 ಮೀಟರಿಗೆ ಗುರಿ ಕೂಡಿಸಿದ ಗೆರೆಯಿಂದ ಹತ್ತು ಮೀಟರಿಗೂ ಹೆಚ್ಚು ಕೆಳಗೆ ಬಿದ್ದಿರುತ್ತದೆ. ಮೂರು ಮಾಳಿಗೆಯ ಚಾಳಿನ ಎತ್ತರ. ಹಾಗಾಗಿ ಹೊಡೆಯುವವನು ನಳಿಗೆಯನ್ನು ಅಷ್ಟು ಮೇಲಕ್ಕೆ ಎತ್ತಬೇಕು, ಆದರೆ ಕಣ್ಣಿನ ಗೆರೆ ಗುರಿಯ ಮೇಲೇ ಇರಬೇಕು. ಈ ಎರಡರ ನಡುವಿನ ಕೋನವನ್ನು ಕೊಡುವುದು ಸ್ಕೋಪಿನ ಮೇಲಿನ ತಿರುಗಣೆ. ಅದರ ಒಂದೊಂದು ‘ಟಿಕ್’ ಒಂದೊಂದು ಕೋನ. ಅಳತೆಯ ಭಾಷೆ ಎರಡು. ಮಿಲ್ ಎಂದರೆ 1,000 ಮೀಟರಿಗೆ 1 ಮೀಟರ್ ತೋರುವ ಕೋನ, 100 ಮೀಟರಿಗೆ 10 ಸೆಂ.ಮೀ.; ಟಿಕ್ ಒಂದಕ್ಕೆ ಅದರ ಹತ್ತನೇ ಒಂದು ಪಾಲು. ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. 100 ಗಜಕ್ಕೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಯಾವುದಾದರೂ ಆದೀತು. ತಿರುಗಣೆ ಒಂದು ಭಾಷೆ, ಒಳಗಿನ ಗೆರೆ ಇನ್ನೊಂದು ಭಾಷೆ ಆಡುವ ಸ್ಕೋಪುಗಳನ್ನು ಮಾತ್ರ ಕೊಳ್ಳಬಾರದು. ಒಂದು ಕಾಲದಲ್ಲಿ ಅಮೆರಿಕದಿಂದ ಅಂಥವು ಬೇಕಾದಷ್ಟು ಬರುತ್ತಿದ್ದವು. ಹೊಲವನ್ನು ಗುಂಟೆಯಲ್ಲಿ ಅಳೆದು ತೆರಿಗೆಯನ್ನು ಚದರ ಮೀಟರಿಗೆ ಕಟ್ಟಿದ ಹಾಗೆ.

ಈಗ ತಿರುಗಣೆ ಸುಳ್ಳು ಹೇಳಿದರೆ? ಹನ್ನೆರಡು ಮಿಲ್ ತಿರುಗಿಸಿದಾಗ ಒಳಗೆ ನೂರಕ್ಕೆ ಐದು ಪಾಲು ಕಡಿಮೆ ಸರಿದರೆ 1,000 ಮೀಟರಿನಲ್ಲಿ ಗುಂಡು 60 ಸೆಂ.ಮೀ. ಕೆಳಗೆ. ಗಾಜು ಎಷ್ಟೇ ಸ್ವಚ್ಛವಾಗಿರಲಿ, ಗುರಿ ಎಷ್ಟೇ ದೊಡ್ಡದಾಗಿ ಕಾಣಲಿ, ಗುಂಡು ಅಲ್ಲಿಲ್ಲ. ಇದನ್ನು ಪರೀಕ್ಷಿಸುವ ಕ್ರಮ ಅಗ್ಗದ್ದು, ಆದರೂ ಮಾಡುವವರು ಕಮ್ಮಿ. ನೂರು ಮೀಟರ್ ದೂರವನ್ನು ಟೇಪಿನಿಂದ ಸರಿಯಾಗಿ ಅಳೆದು, ಅಲ್ಲಿ ಒಂದು ಮೀಟರ್ ಪಟ್ಟಿಯನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸುವುದು. ಸ್ಕೋಪನ್ನು ಅಲುಗದಂತೆ ಬಿಗಿದು ತಿರುಗಣೆಯನ್ನು 10 ಮಿಲ್ ತಿರುಗಿಸುವುದು. ಅಡ್ಡಗೆರೆ ಸರಿಯಾಗಿ ಒಂದು ಮೀಟರ್ ಸರಿಯಿತೇ ನೋಡುವುದು. ಮರಳಿ ಸೊನ್ನೆಗೆ ತಂದರೆ ಹೊರಟ ಜಾಗಕ್ಕೇ ಬಂತೇ ನೋಡುವುದು. ಪಾಲಿಟೆಕ್ನಿಕ್ಕಿನಲ್ಲಿ ಸರ್ವೇ ಪ್ರಾಕ್ಟಿಕಲ್ ಮಾಡಿದವರಿಗೆ ಇದು ಹೊಸದಲ್ಲ. ಡಂಪಿ ಲೆವೆಲ್ಲಿನೊಳಗೆ ನಡುಗೆರೆಯ ಮೇಲೆ ಕೆಳಗೆ ಎರಡು ಗಿಡ್ಡ ಗೆರೆಗಳಿರುತ್ತವಲ್ಲ, ಸ್ಟೇಡಿಯಾ ಗೆರೆಗಳು; ಅವುಗಳ ನಡುವೆ ಸ್ಟಾಫಿನ ಎಷ್ಟು ಭಾಗ ಕಂಡಿತೋ ಅದನ್ನು ನೂರರಿಂದ ಗುಣಿಸಿದರೆ ದೂರ. ಆ ನೂರಕ್ಕೆ ಒಂದು ಎಂದರೆ 10 ಮಿಲ್. ಸ್ಕೋಪಿನೊಳಗಿನ ಚುಕ್ಕಿ, ಗೆರೆಗಳೆಲ್ಲ ಸ್ಟೇಡಿಯಾದ ಮರಿಗಳು. ನವಿ ಮುಂಬಯಿ ಎಂಬ ಊರನ್ನೇ 1970ರಿಂದ ಸಿಡ್ಕೊ ಜೌಗು, ಗುಡ್ಡಗಳ ಮೇಲೆ ಇಂಥ ಉಪಕರಣ ಹಿಡಿದು ಗೆರೆ ಹಾಕಿ ಎಬ್ಬಿಸಿತು.

ಮೊದಲನೇ ಮಹಾಯುದ್ಧ ಈ ವಿಷಯದಲ್ಲಿ ಬ್ರಿಟಿಷರಿಗೆ ಕಹಿ ಪಾಠ. ಜರ್ಮನರ ಕಡೆ ಬೇಟೆಯ ಸಂಪ್ರದಾಯ ಗಟ್ಟಿ, ಗಾಜಿನ ಕಾರ್ಖಾನೆಗಳೂ ಗಟ್ಟಿ. ಬೇಟೆಗಾರರ ಮನೆಗಳಿಂದಲೇ ಸ್ಕೋಪ್ ಇದ್ದ ರೈಫಲ್‌ಗಳನ್ನು ಒಟ್ಟುಮಾಡಿ ಕಂದಕಕ್ಕೆ ಕಳಿಸಿದರು. ಬ್ರಿಟಿಷರು ತಡವಾಗಿ ಎದ್ದು ಅವಸರದಲ್ಲಿ ತಯಾರಿಸಿದ್ದರಲ್ಲಿ ಬಹಳಷ್ಟನ್ನು ರೈಫಲ್ಲಿನ ಎಡಮಗ್ಗುಲಿಗೆ ಕೂರಿಸಿದರು. ಕಾರಣ ಸರಳ: ಮೇಲಿನಿಂದ ಐದೈದು ಗುಂಡಿನ ಕ್ಲಿಪ್ ತುಂಬಲು ದಾರಿ ಬೇಕಲ್ಲ. ಆದರೆ ಕಂದಕದಲ್ಲಿ ಹೊಡೆಯಬೇಕಾದ್ದು ಉಕ್ಕಿನ ಫಲಕದ ಒಂದು ಕಿರಿದಾದ ಸಂದಿನಿಂದ. ನಳಿಗೆ ಸಂದಿನಲ್ಲಿ, ಸ್ಕೋಪಿನ ಎದುರಿಗೆ ಬರೀ ಉಕ್ಕು! ಕಚೇರಿಯಲ್ಲಿ ಕೂತು ಮಾಡಿದ ಆಯ್ಕೆ ಎಂದರೆ ಇದು.

ಅದನ್ನು ರಿಪೇರಿ ಮಾಡಲು ಹೊರಟವನು ಹೆಸ್ಕೆತ್ ಪ್ರಿಚರ್ಡ್. ಕ್ರಿಕೆಟಿಗ, ಬೇಟೆಗಾರ, ಕಥೆಗಾರ. 1916ರಲ್ಲಿ ಫ್ರಾನ್ಸಿನಲ್ಲಿ ಸ್ನೈಪಿಂಗಿಗೆ ಒಂದು ಶಾಲೆಯನ್ನೇ ತೆರೆದ. ಯುದ್ಧ ಮುಗಿದ ಮೇಲೆ ಅವನು ಬರೆದ ‘ಸ್ನೈಪಿಂಗ್ ಇನ್ ಫ್ರಾನ್ಸ್’ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ದೂರು ಗಾಜಿನದಲ್ಲ. ಸಡಿಲ ಹಿಡಿಗಳದ್ದು, ಯಾರೂ ಗುರಿ ಕೂಡಿಸಿ ನೋಡದ ರೈಫಲ್‌ಗಳದ್ದು, ಹೇಗೆ ಬಳಸಬೇಕೆಂದು ಯಾರೂ ಹೇಳಿಕೊಡದ ಸೈನಿಕರದ್ದು. ಇನ್ನೊಂದನ್ನೂ ಅವನು ಜಾರಿಗೆ ತಂದ: ನೋಡುವವನೂ ಹೊಡೆಯುವವನೂ ಬೇರೆ. ಸ್ಕಾಟ್ಲೆಂಡಿನ ಜಿಂಕೆ ಬೇಟೆಯ ಸೇವಕರಿಂದ ಕಟ್ಟಿದ ಲೊವಟ್ ಸ್ಕೌಟ್ಸ್ ಪಡೆಯ ವೀಕ್ಷಕರ ಕೈಯಲ್ಲಿ 20 ಪಟ್ಟಿನ ಉದ್ದ ದೂರದರ್ಶಕ. ರೈಫಲ್ಲಿನ ಮೇಲೆ ಎರಡು ಮೂರು ಪಟ್ಟಿನ ಸ್ಕೋಪ್. ದೊಡ್ಡದಾಗಿ ಕಾಣಿಸುವ ಗಾಜು ಸುಮ್ಮನೆ ಕೂತು ನೋಡುವವನಿಗೆ, ಅಳತೆಯ ಗಾಜು ಕುದುರೆ ಎಳೆಯುವವನಿಗೆ. ಎರಡನೇ ಮಹಾಯುದ್ಧದಲ್ಲೂ ಬ್ರಿಟಿಷ್ ಸ್ನೈಪರುಗಳ ‘ನಂಬರ್ 32’ ಸ್ಕೋಪ್ ಬರೀ 3 ಪಟ್ಟು, ಅದರ ತಿರುಗಣೆ ಮಾತ್ರ 1,000 ಗಜದ ತನಕ. ಈಗ ಅಂಗಡಿಯಲ್ಲಿ 24 ಪಟ್ಟಿಗಿಂತ ಕಮ್ಮಿಯದನ್ನು ಕಣ್ಣೆತ್ತಿ ನೋಡದವರು ಇದನ್ನೊಮ್ಮೆ ನೆನೆಯಬೇಕು.

ಯುದ್ಧಾನಂತರದ ಕಥೆಯಲ್ಲಿ ಮತ್ತೆ ಸರ್ವೇಯವರೇ. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ 1907ರಲ್ಲಿ ಸರ್ವೇ ಉಪಕರಣ ರಿಪೇರಿಯ ಅಂಗಡಿಯಾಗಿ ಶುರುವಾದ ಮನೆತನದ ಸಂಸ್ಥೆ ಲ್ಯೂಪೋಲ್ಡ್. ಆ ಮನೆಯ ಮಾರ್ಕಸ್ ಎಂಬವನು ಬೇಟೆಯಲ್ಲಿ ಜಿಂಕೆಯೊಂದನ್ನು ಕಳೆದುಕೊಂಡ, ಸ್ಕೋಪಿನ ಒಳಗೆ ಮಂಜು ಕಟ್ಟಿತ್ತು. ಇದಕ್ಕಿಂತ ಒಳ್ಳೆಯದನ್ನು ನಾನೇ ಮಾಡುತ್ತೇನೆ ಎಂದನಂತೆ. 1947ರಲ್ಲಿ ಅವರ ಮೊದಲ ಸ್ಕೋಪ್ ಬಂತು; ಕೊಳವೆಯಿಂದ ತೇವದ ಗಾಳಿ ತೆಗೆದು ಸಾರಜನಕ ತುಂಬಿ ಮುಚ್ಚುವ ವಿದ್ಯೆಯನ್ನು ಅವರು ರೂಢಿಗೆ ತಂದರು. ಕೊಂಕಣದ ಮಳೆಗಾಲ ಕಂಡವರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿಟ್ಟ ಕ್ಯಾಮೆರಾ ಲೆನ್ಸಿಗೆ ಜೇಡರಬಲೆಯಂಥ ಬೂಷ್ಟು ಹಿಡಿಯುವುದು ಡೊಂಬಿವಲಿ, ಕಲ್ಯಾಣದ ಮನೆಮನೆಯ ಅನುಭವ. ಮಂಗಳೂರು, ಉಡುಪಿಯಿಂದ ಬಂದವರಿಗಂತೂ ಹುಟ್ಟಿದಾಗಿನಿಂದ ಗೊತ್ತು. ಈ ಕರಾವಳಿಯಲ್ಲಿ ಸ್ಕೋಪಿನ ಮುಚ್ಚಿಗೆ ಭದ್ರವೇ ಎಂಬುದು ಎಷ್ಟು ಪಟ್ಟು ಎಂಬುದಕ್ಕಿಂತ ಮೊದಲು ಬರಬೇಕಾದ ಪ್ರಶ್ನೆ.

ಪಟ್ಟಿನ ವಿಷಯಕ್ಕೂ ಬರೋಣ. ಮುಂಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 50 ಮಿ.ಮೀ. ಗಾಜು, 10 ಪಟ್ಟು: 5 ಮಿ.ಮೀ. ಕಣ್ಣಿನ ಪಾಪೆ ಸಂಜೆಗೆ ಅರಳುವಷ್ಟು. ಅದೇ ಗಾಜು 25 ಪಟ್ಟಿಗೆ: 2 ಮಿ.ಮೀ. ನೋಟ ಮಂಕು, ಕಣ್ಣು ಕೂದಲೆಳೆ ಸರಿದರೆ ಕತ್ತಲು. ಇನ್ನು ಮೇ ತಿಂಗಳ ಬಿಸಿಲಿಗೆ ನೆಲದಿಂದೇಳುವ ಬಿಸಿಗಾಳಿಯಲ್ಲಿ ಗುರಿ ನೀರಿನಲ್ಲಿ ಅದ್ದಿದಂತೆ ಕುಣಿಯುತ್ತದೆ; ಸ್ಕೋಪ್ ಗುರಿಯನ್ನು ಎಷ್ಟು ಹಿಗ್ಗಿಸುತ್ತದೋ ಕುಣಿತವನ್ನೂ ಅಷ್ಟೇ ಹಿಗ್ಗಿಸುತ್ತದೆ. ಪಟ್ಟು ಬದಲಿಸಬಲ್ಲ ಸ್ಕೋಪುಗಳು ಬಂದಾಗ ಇನ್ನೊಂದು ತೊಡಕೂ ಬಂತು. ಅಡ್ಡಗೆರೆಯನ್ನು ಮುಂದಿನ ಬಿಂಬದ ಜಾಗದಲ್ಲಿಟ್ಟರೆ ಪಟ್ಟು ಹೆಚ್ಚಿಸಿದಂತೆ ಗೆರೆಯೂ ಹಿಗ್ಗುತ್ತದೆ, ಆದರೆ ಅಳತೆ ಯಾವ ಪಟ್ಟಿನಲ್ಲೂ ನಿಜ. ಹಿಂದಿನ ಜಾಗದಲ್ಲಿಟ್ಟರೆ ಗೆರೆ ಸದಾ ಒಂದೇ ದಪ್ಪ, ನೋಡಲು ಚೆನ್ನ, ಅಳತೆ ಮಾತ್ರ ಯಾವುದೋ ಒಂದು ಪಟ್ಟಿನಲ್ಲಷ್ಟೇ ಸರಿ. ಯುರೋಪಿನವರು ಮೊದಲನೆಯದನ್ನು, ಅಮೆರಿಕದ ಬೇಟೆಗಾರರು ಎರಡನೆಯದನ್ನು ಒಗ್ಗಿಸಿಕೊಂಡರು. ಅಮೆರಿಕದ ಮರೀನುಗಳು 1970ರ ದಶಕದ ಕೊನೆಯಲ್ಲಿ ಗೆರೆಯ ಮೇಲೆ ಮಿಲ್ ಚುಕ್ಕಿ ಹಾಕಿಸಿದಾಗ ಈ ಗೊಡವೆಯೇ ಬೇಡವೆಂದು 10 ಪಟ್ಟಿಗೆ ಕಟ್ಟಿಹಾಕಿದ ಸ್ಕೋಪ್ ಆರಿಸಿಕೊಂಡರು. ದೂರದ ಗುರಿಗೆ, ದೂರ ಗೊತ್ತಿಲ್ಲದ ಗುರಿಗೆ ಮೊದಲನೆಯದೇ ಸರಿ ಎಂದು ನನ್ನ ಮತ. ದೂರ ಮೊದಲೇ ಗೊತ್ತಿರುವ ಅಂಕಣದಲ್ಲಿ ಎರಡನೆಯದರ ತೆಳು ಗೆರೆ ಅನುಕೂಲ.

ಗೆರೆ, ಬಿಂಬ ಎರಡೂ ಒಂದೇ ಸಮತಲದಲ್ಲಿ ಬೀಳದಿದ್ದರೆ ಕಣ್ಣು ಅಲುಗಿದಾಗ ಗೆರೆ ಗುರಿಯ ಮೇಲೆ ತೇಲುತ್ತದೆ. ಗ್ಯಾಸ್ಕಾಯ್ನನ ಜೇಡ ಸರಿಯಾದ ಜಾಗದಲ್ಲೇ ನೂಲೆಳೆದದ್ದು ಅವನ ಅದೃಷ್ಟ. ಈಗಿನ ಸ್ಕೋಪುಗಳಿಗೆ ಇದನ್ನು ಸರಿಪಡಿಸಲು ಪಕ್ಕದಲ್ಲಿ ಇನ್ನೊಂದು ತಿರುಗಣೆ ಇರುತ್ತದೆ. ದೂರದ ಕೆಲಸಕ್ಕೆ ಅದು ಇಲ್ಲದ್ದು ಬೇಡ.

ಇಷ್ಟೆಲ್ಲ ಹೇಳಿದ ಮೇಲೆ, ಇದನ್ನು ನಮ್ಮಲ್ಲಿ ಯಾರು ಕೊಳ್ಳುತ್ತಾರೆ ಎಂದು ನೀವು ಕೇಳುವುದು ಸಹಜ. ರೈಫಲ್ಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇಕು. ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿ ಮುಚ್ಚಿಹಾಕಿವೆ, ಅದು ಒಳ್ಳೆಯದೇ ಆಯಿತು. ಕೊಡಗಿನವರಿಗೆ ಕೋವಿಯ ವಿಷಯದಲ್ಲಿ ವಿನಾಯಿತಿ ಇದ್ದರೂ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯಲು ಸ್ಕೋಪ್ ಯಾರಿಗೂ ಬೇಡ. ಸಾವಿರ ಮೀಟರಿನ ಗಾಜು ನಮ್ಮ ದೇಶದಲ್ಲಿ ಮುಖ್ಯವಾಗಿ ಸೈನಿಕನದು, ಪೊಲೀಸರದು. ಈಗ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್‌ನಂಥ ಖಾಸಗಿ ಸಂಸ್ಥೆ .338 ಲಪುವಾ ಮ್ಯಾಗ್ನಂ ಗುಂಡಿನ ‘ಸೇಬರ್’ ಸ್ನೈಪರ್ ರೈಫಲ್ ಮಾಡುತ್ತಿದೆ. ಅದಕ್ಕೆ ಮೊದಲು ದಶಕಗಳ ಕಾಲ ಭಾರತೀಯ ಸೈನ್ಯ ನೆಚ್ಚಿಕೊಂಡಿದ್ದು ಸೋವಿಯತ್ ಮೂಲದ ದ್ರಾಗುನೋವ್ ರೈಫಲ್ಲನ್ನು.

ದ್ರಾಗುನೋವ್ ರೈಫಲ್ಲಿನ ಸ್ಕೋಪ್ ಕೇವಲ 4 ಪಟ್ಟು. ಅದರೊಳಗೆ ಎಡಗಡೆ ಕೆಳಗೆ ಒಂದು ನೇರ ಗೆರೆ, ಅದರ ಮೇಲೆ ಇಳಿಯುತ್ತ ಹೋಗುವ ಒಂದು ಬಾಗು ಗೆರೆ, ಬಾಗಿನ ಮೇಲೆ 2, 4, 6, 8, 10 ಎಂಬ ಅಂಕಿ. ದೂರ ಅಳೆಯುವ ಪಟ್ಟಿ ಅದು. ಎದುರಿಗೆ ನಿಂತವನ ಕಾಲನ್ನು ನೇರ ಗೆರೆಯ ಮೇಲೆ ನಿಲ್ಲಿಸಿ, ತಲೆ ಬಾಗು ಗೆರೆಗೆ ಎಲ್ಲಿ ತಾಗುತ್ತದೋ ಆ ಅಂಕಿಯನ್ನು ನೂರರಿಂದ ಗುಣಿಸಿದರೆ ಮೀಟರುಗಳಲ್ಲಿ ದೂರ. ಲೆಕ್ಕಕ್ಕೆ ಹಿಡಿದಿರುವ ಎತ್ತರ 1.7 ಮೀಟರ್. ಸರ್ವೇಯರ್ ತನ್ನ ಜವಾನನನ್ನು ಕೆಂಪು ಬಿಳಿ ಸ್ಟಾಫ್ ಹಿಡಿದು ಹೊಲದ ಆಚೆ ಬದಿಗೆ ಕಳಿಸುತ್ತಾನೆ. ಇಲ್ಲಿ ಅಳತೆಕೋಲು ಮನುಷ್ಯನೇ. ಸ್ಕೋಪಿನ ಬಗ್ಗೆ ಉತ್ಸಾಹದಿಂದ ಓದುತ್ತಿದ್ದವನು ಈ ಬಾಗು ಗೆರೆಯ ಹತ್ತಿರ ಬಂದಾಗ ನಾನು ಪುಸ್ತಕ ಕೆಳಗಿಟ್ಟಿದ್ದೆ. ಒಳ್ಳೆಯ ಸ್ಕೋಪ್, ಕೆಟ್ಟ ಸ್ಕೋಪ್ ಎಂಬ ಮಾತು ಅಲ್ಲಿ ಬೇರೆ ತೂಕ ಪಡೆಯುತ್ತದೆ. ಅರವತ್ತು ಸೆಂ.ಮೀ. ತಪ್ಪು ಎಂದರೆ ಪಕ್ಕದಲ್ಲಿ ನಿಂತವನು.

ಗುರಿ ಬರೀ ಕಾಗದವಾಗಿರುವ ಕಡೆಗೆ ಹೋಗುವುದಾದರೆ ಠಾಣೆಯ ಕೊಲ್ಲಿಯ ಆಚೆ, ನವಿ ಮುಂಬಯಿಯ ತುದಿಯ ಪನ್ವೇಲಿಗೆ ಹೋಗಬೇಕು. ಅಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ನಡೆಸುತ್ತಿರುವವರು ಸುಮಾ ಶಿರೂರ್, 1974ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರು. ಅವರ ವಿಭಾಗ 10 ಮೀಟರ್ ಏರ್ ರೈಫಲ್. ಒಲಿಂಪಿಕ್ಸ್ ನಿಯಮದಲ್ಲಿ ರೈಫಲ್ ಸ್ಪರ್ಧೆಗಳಿಗೆ ಸ್ಕೋಪ್ ನಿಷಿದ್ಧ. ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲೂ ಹಾಗೇ. ಕಣ್ಣ ಬಳಿ ಸೂಜಿತೂತಿನಂಥ ಒಂದು ರಂಧ್ರ, ನಳಿಗೆಯ ತುದಿಯಲ್ಲಿ ಒಂದು ಉಂಗುರ, ಉಂಗುರದ ನಡುವೆ ಕರಿ ಗುರಿ. ವೃತ್ತದೊಳಗೆ ವೃತ್ತದೊಳಗೆ ವೃತ್ತ. ಚಿಕ್ಕ ತೂತಿನಿಂದ ನೋಡಿದರೆ ಹತ್ತಿರದ ಉಂಗುರವೂ ದೂರದ ಗುರಿಯೂ ಒಟ್ಟಿಗೇ ಸಾಕಷ್ಟು ಸ್ಪಷ್ಟವಾಗುತ್ತವೆ. ಗ್ಯಾಸ್ಕಾಯ್ನ್ ಗಾಜಿನಿಂದ ಮಾಡಿದ್ದನ್ನು ಇದು ಗಾಜಿಲ್ಲದೆ, ತುಸು ಕಮ್ಮಿ ನಿಖರವಾಗಿ ಮಾಡುತ್ತದೆ. ತಿರುಗಣೆ ಮಾತ್ರ ಇಲ್ಲೂ ಇದೆ. ಕಣ್ಣ ಬಳಿಯ ತೂತನ್ನು ಟಿಕ್ ಟಿಕ್ ಎಂದು ಮೇಲೆ, ಕೆಳಗೆ, ಅಡ್ಡಕ್ಕೆ ಸರಿಸುವ ಎರಡು ತಿರುಗಣೆಗಳು.

ಹತ್ತು ಮೀಟರ್ ದೂರದ ಕಾಗದದಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್ ಅಗಲ. ನಾಲ್ಕೂವರೆ ಮಿ.ಮೀ. ಗುಂಡು ಅದನ್ನು ತಾಗಿದರೂ ಸಾಕು, ಅಂದರೆ ಗುಂಡಿನ ನಡು ಎರಡೂವರೆ ಮಿ.ಮೀ.ಗಿಂತ ಆಚೆ ಹೋಗಬಾರದು. 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ ಸುಮಾ ಶಿರೂರ್ ನಲವತ್ತು ಗುಂಡು ಹೊಡೆದರು, ನಲವತ್ತೂ ಹತ್ತು. 400ಕ್ಕೆ 400, ವಿಶ್ವದಾಖಲೆಗೆ ಸಮ. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಫೈನಲ್ ಮುಟ್ಟಿ ಎಂಟನೆಯವರಾದರು. ಆಮೇಲೆ ಅವರ ಕೈಕೆಳಗೆ ಪಳಗಿದ ಅವನಿ ಲೇಖರಾ ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಇದೇ 10 ಮೀಟರಿನಲ್ಲಿ ಚಿನ್ನ ಗೆದ್ದರು. 2022ರ ಸಾಲಿನ ದ್ರೋಣಾಚಾರ್ಯ ಪ್ರಶಸ್ತಿ ಸುಮಾ ಅವರಿಗೆ ಬಂತು.

ಹಿಂದೆಲ್ಲ ಅಂಕಣದಲ್ಲಿ ಸ್ಪರ್ಧಿಯ ಪಕ್ಕದ ಸ್ಟ್ಯಾಂಡಿನ ಮೇಲೆ ಒಂದು ದೂರದರ್ಶಕ ಇರುತ್ತಿತ್ತು, ಗುಂಡು ಎಲ್ಲಿ ಬಿತ್ತೆಂದು ಇಣುಕಿ ನೋಡಲು. ಈಗ ಆ ಜಾಗದಲ್ಲಿ ಪರದೆ. ವಿದ್ಯುನ್ಮಾನ ಗುರಿ ಹತ್ತು ಅಂಕವನ್ನೂ ಮತ್ತೆ ಹತ್ತು ಪಾಲು ಮಾಡಿ 10.0ರಿಂದ 10.9ರ ತನಕ ಅಳೆಯುತ್ತದೆ. ಅರ್ಹತಾ ಸುತ್ತಿನ ಲೆಕ್ಕವೂ ದಶಮಾಂಶಕ್ಕೆ ಹೋಗಿ, ಹೆಂಗಸರಿಗೂ ಅರವತ್ತು ಗುಂಡುಗಳಾಗಿವೆ. 400ಕ್ಕೆ 400 ಎಂಬ ಅಂಕವನ್ನು ಇನ್ನು ಯಾರೂ ಸರಿಗಟ್ಟುವ ಹಾಗೂ ಇಲ್ಲ, ಮುರಿಯುವ ಹಾಗೂ ಇಲ್ಲ. ಆ ಅಳತೆಪಟ್ಟಿಯೇ ಈಗ ಬಳಕೆಯಲ್ಲಿಲ್ಲ.